ಬ್ಯಾಟರಿಯಲ್ಲಿ ನಿಕಲ್ ಜಾಸ್ತಿ ಮಾಡಿದ್ರೆ ಪೇಟೆಂಟ್ ಸಿಗುತ್ತಾ?

ಕೇಳೋಕೆ ಪುರುಸೊತ್ತು ಇಲ್ಲದವರಿಗಾಗಿ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದು ಕಪ್ಪು ಪುಡಿಯ ಬಗ್ಗೆ. ಅದನ್ನ ನೀವು ಕಣ್ಣಾರೆ ನೋಡಿರೋ ಸಾಧ್ಯತೆ ಕಡಿಮೆ. ಆದ್ರೆ ನೀವು ಈಗ ಕೈಯಲ್ಲಿ ಹಿಡ್ಕೊಂಡಿರೋ ಫೋನಿನ ಒಳಗೆ ಅದರ ಹತ್ತಿರದ ನೆಂಟ ಕೂತಿದ್ದಾನೆ. ರಸ್ತೆಯಲ್ಲಿ ಓಡಾಡೋ ಎಷ್ಟೋ ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳಲ್ಲಿ ಅದೇ ಪುಡಿ ಇದೆ. ಹೆಸರು ನಿಕಲ್ ಹೆಚ್ಚಿರೋ ಕ್ಯಾಥೋಡ್. ಈ ಪುಡಿಯ ಒಡೆತನಕ್ಕಾಗಿ ಅಮೆರಿಕ, ಯುರೋಪ್, ಕೊರಿಯಾ, ಚೀನಾದ ದೊಡ್ಡ ದೊಡ್ಡ ಕಂಪನಿಗಳು ಕೋರ್ಟ್ ಮೆಟ್ಟಿಲು ಹತ್ತಿವೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ. ಅವರು ಮೆಟೀರಿಯಲ್ಸ್ ಸೈನ್ಸ್ ಓದ್ತಿದ್ದಾರೆ. ಪ್ರಶ್ನೆ ಇಷ್ಟೇ: "ಲ್ಯಾಬ್‌ನಲ್ಲಿ ನಿಕಲ್ ಪ್ರಮಾಣವನ್ನ 80ರಿಂದ 88 ಪರ್ಸೆಂಟ್‌ಗೆ ಏರಿಸಿದ್ವಿ. ಫಲಿತಾಂಶ ಚೆನ್ನಾಗಿದೆ. ಇದಕ್ಕೆ ಪೇಟೆಂಟ್ ಸಿಗುತ್ತಾ, ಇಲ್ಲ ಬರೀ ಅಳತೆ ಬದಲಾಯಿಸಿದ್ದಕ್ಕೆ ಯಾರೂ ಕೊಡಲ್ವಾ?"

ಒಂದೇ ಸಾಲಿನ ಉತ್ತರ ಬೇಕು ಅಂದ್ರೆ: ಬರೀ ಅಂಕಿ ಬದಲಾಯಿಸಿದ್ರೆ ಕಷ್ಟ. ಆ ಅಂಕಿಯ ಹಿಂದೆ ಯಾರೂ ನಿರೀಕ್ಷೆ ಮಾಡದ ಒಂದು ಪರಿಣಾಮ ಇದ್ದು, ಅದನ್ನ ಲೆಕ್ಕ ಸಮೇತ ತೋರಿಸೋಕೆ ಬಂದ್ರೆ ಸಾಧ್ಯ ಇದೆ. ಯಾಕೆ ಅಂತ ಈಗ ಒಂದೊಂದಾಗಿ ನೋಡೋಣ.

ಮೊದಲು ಪುಡಿಯ ಕಥೆ

ಲಿಥಿಯಂ ಬ್ಯಾಟರಿಯಲ್ಲಿ ಎರಡು ದಡ ಇರುತ್ತೆ. ಒಂದು ಆನೋಡ್, ಸಾಮಾನ್ಯವಾಗಿ ಗ್ರಾಫೈಟ್. ಇನ್ನೊಂದು ಕ್ಯಾಥೋಡ್. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ಬಿಟ್ಟು ಆನೋಡ್ ಕಡೆ ಹೋಗ್ತವೆ. ಫೋನ್ ಬಳಸುವಾಗ ವಾಪಸ್ ಬರ್ತವೆ. ಅಂದ್ರೆ ಹೊಸ ಬ್ಯಾಟರಿಯಲ್ಲಿ ಲಿಥಿಯಂ ತುಂಬಿಕೊಂಡು ಬರೋದು ಕ್ಯಾಥೋಡ್‌. ಎಷ್ಟು ಕಿಲೋಮೀಟರ್ ಓಡುತ್ತೆ ಅನ್ನೋದರಲ್ಲಿ ಅದರ ಪಾತ್ರ ದೊಡ್ಡದು, ಸೆಲ್‌ನ ಖರ್ಚಿನಲ್ಲೂ ಸಾಮಾನ್ಯವಾಗಿ ಅತಿ ದೊಡ್ಡ ಪಾಲು ಅದರದ್ದೇ.

1980ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಮತ್ತವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಅನ್ನ ಕ್ಯಾಥೋಡ್ ಆಗಿ ಬಳಸಬಹುದು ಅಂತ ತೋರಿಸಿತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಮಾರುಕಟ್ಟೆಗೆ ತಂತು. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಜೊತೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆದ್ರೆ ಪೇಟೆಂಟ್? ಆಕ್ಸ್‌ಫರ್ಡ್ ಆಗ ಆಸಕ್ತಿ ತೋರಿಸಲಿಲ್ಲ. ಬ್ರಿಟನ್ ಸರ್ಕಾರದ ಹಾರ್ವೆಲ್ ಅಣುಶಕ್ತಿ ಸಂಶೋಧನಾ ಕೇಂದ್ರ ಅರ್ಜಿಯ ಖರ್ಚು ನೋಡಿಕೊಂಡಿತು, ಗುಡ್‌ಇನಫ್ ಹಕ್ಕನ್ನ ಅವರಿಗೇ ಬರೆದುಕೊಟ್ಟರು. ಆ ಪೇಟೆಂಟ್‌ನಿಂದ ಅವರ ಜೇಬಿಗೆ ರಾಯಲ್ಟಿ ಬರಲಿಲ್ಲ. ಜಗತ್ತಿನ ಜೇಬುಗಳೆಲ್ಲ ಅವರು ಕಂಡುಕೊಂಡ ವಸ್ತುವಿನಿಂದ ತುಂಬಿದವು. ಇದನ್ನ ತಲೆಯಲ್ಲಿ ಇಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕೋಬಾಲ್ಟ್‌ಗೆ ಎರಡು ತಲೆನೋವು. ಒಂದು ಬೆಲೆ. ಇನ್ನೊಂದು, ಜಗತ್ತಿನ ಗಣಿಗಳಿಂದ ಬರೋ ಕೋಬಾಲ್ಟ್‌ನಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಒಂದೇ ದೇಶದ್ದು, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಹಾಗಾಗಿ ಸಂಶೋಧಕರು ಕೋಬಾಲ್ಟ್ ಕಡಿಮೆ ಮಾಡಿ ನಿಕಲ್, ಮ್ಯಾಂಗನೀಸ್ ಸೇರಿಸ್ತಾ ಬಂದರು. ಇದೇ ಎನ್‌ಎಂಸಿ: ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಮೊದಲು ಮೂರೂ ಸಮಪಾಲು, ಅದನ್ನ 111 ಅಂತಾರೆ. ಆಮೇಲೆ 532, ಆಮೇಲೆ 622, ಆಮೇಲೆ 811. ಕೊನೆಯದರಲ್ಲಿ ಹತ್ತು ಪಾಲಿನಲ್ಲಿ ಎಂಟು ನಿಕಲ್. ಈಗ 90 ಪರ್ಸೆಂಟ್ ದಾಟಿದವೂ ಇವೆ.

ನಿಕಲ್ ಯಾಕೆ ಬೇಕು? ಅದು ಹೆಚ್ಚು ಎಲೆಕ್ಟ್ರಾನ್ ಕೊಡುತ್ತೆ. ಸಾಮಾನ್ಯ ಬಳಕೆಯ ವೋಲ್ಟೇಜ್‌ನಲ್ಲಿ 111 ಪುಡಿ ಗ್ರಾಂಗೆ ಸುಮಾರು 160 ಮಿಲಿಆಂಪ್ ಅವರ್ ಕೊಟ್ರೆ, 811 ಸುಮಾರು 200 ಕೊಡುತ್ತೆ. ಅಷ್ಟೇ ತೂಕದ ಪುಡಿ, ಹೆಚ್ಚು ಮೈಲೇಜ್.

ಹಾಗಾದ್ರೆ ನಿಕಲ್ ಪೂರ್ತಿ ತುಂಬಿಬಿಡಬಹುದಲ್ವಾ ಅಂತ ನೀವು ಕೇಳಬಹುದು. ಇಲ್ಲೇ ಇರೋದು ತೊಡಕು. ಈ ಪುಡಿಯ ಹರಳಿನಲ್ಲಿ ಲಿಥಿಯಂಗೆ ಒಂದು ಪದರ, ಉಳಿದ ಲೋಹಗಳಿಗೆ ಇನ್ನೊಂದು ಪದರ. ನಿಕಲ್ ಅಯಾನ್ ಒಂದು ಸ್ಥಿತಿಯಲ್ಲಿ ಹೆಚ್ಚುಕಮ್ಮಿ ಲಿಥಿಯಂನಷ್ಟೇ ಗಾತ್ರ ಇರುತ್ತೆ. ಅದಕ್ಕೇ ಹೋಗಿ ಲಿಥಿಯಂ ಜಾಗದಲ್ಲಿ ಕೂತುಬಿಡುತ್ತೆ. ಬಸ್ಸಲ್ಲಿ ನೀವು ರಿಸರ್ವ್ ಮಾಡಿದ ಸೀಟಲ್ಲಿ ಬೇರೆಯವರು ಕೂತು, ಏಳಲ್ಲ ಅಂದ ಹಾಗೆ. ಲಿಥಿಯಂ ಓಡಾಟಕ್ಕೆ ಅಡ್ಡಿ. ಇಷ್ಟೇ ಅಲ್ಲ. ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಹರಳು ಒಮ್ಮೆಗೇ ಕುಗ್ಗುತ್ತೆ, ಕಣದಲ್ಲಿ ಬಿರುಕು ಬೀಳುತ್ತೆ. ಬಿಸಿಯಾದ್ರೆ ಆಕ್ಸಿಜನ್ ಬಿಡುತ್ತೆ, ಅದು ಬೆಂಕಿಯ ಅಪಾಯ. ಗಾಳಿಯ ತೇವಕ್ಕೆ ಪುಡಿಯ ಮೇಲ್ಮೈ ಹಾಳಾಗುತ್ತೆ.

ಹೀಗಾಗಿ ನಿಕಲ್ ಜಾಸ್ತಿ ಮಾಡಬೇಕು ಅನ್ನೋ ಐಡಿಯಾಗೆ ಇವತ್ತು ಬೆಲೆ ಇಲ್ಲ, ಅದು ಎಲ್ಲರಿಗೂ ಗೊತ್ತು. ನಿಕಲ್ ಜಾಸ್ತಿ ಮಾಡಿಯೂ ಪುಡಿ ಹಾಳಾಗದಂತೆ ಉಳಿಸೋದು ಹೇಗೆ ಅನ್ನೋದಕ್ಕೆ ಬೆಲೆ.

ಪೇಟೆಂಟ್ ಆಫೀಸ್ ಕೇಳೋ ಪ್ರಶ್ನೆಗಳು

ಯಾವ ದೇಶಕ್ಕೆ ಹೋದರೂ ಮೂರು ಪ್ರಶ್ನೆ ಇದ್ದೇ ಇರುತ್ತೆ. ಇದು ಹೊಸದಾ? ಈ ಕ್ಷೇತ್ರ ಗೊತ್ತಿರೋ ಒಬ್ಬ ಸಾಮಾನ್ಯ ತಜ್ಞನಿಗೆ ಇದು ಸುಲಭವಾಗಿ ಹೊಳೆಯುವಂಥದ್ದಾ? ಉದ್ಯಮದಲ್ಲಿ ಉಪಯೋಗಕ್ಕೆ ಬರುತ್ತಾ? ಬ್ಯಾಟರಿ ಪುಡಿಗೆ ಮೂರನೇದು ಸಮಸ್ಯೆಯೇ ಅಲ್ಲ. ಜಗಳ ಎಲ್ಲಾ ಮೊದಲ ಎರಡರಲ್ಲಿ.

ಹೊಸತನದಿಂದ ಶುರು ಮಾಡೋಣ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಬ್ಯಾಟರಿಯದ್ದಲ್ಲ, ಒಂದು ಮಿಶ್ರಲೋಹದ್ದು. ಅದರಲ್ಲೂ ನಿಕಲ್ ಇದೆ ನೋಡಿ. ಅಮೆರಿಕದ ಟೈಟಾನಿಯಂ ಮೆಟಲ್ಸ್ ಅನ್ನೋ ಕಂಪನಿ, ಟೈಟಾನಿಯಂಗೆ 0.6ರಿಂದ 0.9 ಪರ್ಸೆಂಟ್ ನಿಕಲ್, 0.2ರಿಂದ 0.4 ಪರ್ಸೆಂಟ್ ಮಾಲಿಬ್ಡಿನಮ್ ಸೇರಿಸಿದ ಲೋಹಕ್ಕೆ ಪೇಟೆಂಟ್ ಕೇಳಿತ್ತು. ಅದು ತುಕ್ಕು ಚೆನ್ನಾಗಿ ತಡೀತಿತ್ತು. ಆದ್ರೆ ಪೇಟೆಂಟ್ ಆಫೀಸ್ 1970ರ ಒಂದು ರಷ್ಯನ್ ಲೇಖನ ಹುಡುಕಿ ತೆಗೆಯಿತು. ಅದರಲ್ಲಿದ್ದ ಗ್ರಾಫ್‌ನಲ್ಲಿ ಒಂದು ಚುಕ್ಕಿ. ಆ ಚುಕ್ಕಿಯ ಲೆಕ್ಕ ಹಾಕಿದರೆ 0.75 ಪರ್ಸೆಂಟ್ ನಿಕಲ್, 0.25 ಪರ್ಸೆಂಟ್ ಮಾಲಿಬ್ಡಿನಮ್.

ಕಂಪನಿ ವಾದ ಮಾಡಿತು: "ಆ ಲೇಖನದಲ್ಲಿ ತುಕ್ಕಿನ ಮಾತೇ ಇಲ್ಲ. ಈ ಗುಣ ಕಂಡುಹಿಡಿದಿದ್ದು ನಾವು." 1985ರಲ್ಲಿ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. ಲೋಹ ಆಗಲೇ ಗೊತ್ತಿತ್ತು, ಹಳೇ ಲೋಹದಲ್ಲಿ ಹೊಸ ಗುಣ ಕಂಡ ಮಾತ್ರಕ್ಕೆ ಲೋಹ ಹೊಸದಾಗಲ್ಲ ಅನ್ನೋದು ತೀರ್ಪಿನ ಸಾರ. ಒಂದು ಚುಕ್ಕಿ ಇಡೀ ಶ್ರೇಣಿಯನ್ನ ಹೊಡೆದುಹಾಕಿತು.

ಬ್ಯಾಟರಿ ಪುಡಿಗೆ ಇದನ್ನ ಅನ್ವಯಿಸಿ. ಲಿಥಿಯಂ ನಿಕಲ್ ಆಕ್ಸೈಡ್ ಅನ್ನೋ ವಸ್ತು 1950ರ ದಶಕದಿಂದಲೇ ಗೊತ್ತು. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸಮಪಾಲಿನ ಪುಡಿಯ ಬಗ್ಗೆ ಜಪಾನಿನ ಓಹ್‌ಝುಕು ಮತ್ತು ಮಕಿಮುರ 2001ರಲ್ಲಿ ಪ್ರಬಂಧ ಪ್ರಕಟಿಸಿದರು. ಆಮೇಲೆ ಬಂದ ಪ್ರಬಂಧಗಳು, ಪೇಟೆಂಟ್‌ಗಳು ಸಾವಿರಾರು. ಅವುಗಳಲ್ಲಿ ಯಾವುದೋ ಒಂದು ಕೋಷ್ಟಕದ ಯಾವುದೋ ಸಾಲಿನಲ್ಲಿ ನಿಮ್ಮ 88 ಪರ್ಸೆಂಟ್ ಇದ್ದರೆ, ಅಳತೆಯ ಮೇಲಿನ ಹಕ್ಕು ಅಲ್ಲಿಗೆ ಮುಗೀತು. ಅವರು ಅದನ್ನ ಹೊಗಳಿರಬೇಕು ಅಂತೇನಿಲ್ಲ. ಕೆಟ್ಟ ಫಲಿತಾಂಶ ಅಂತ ಬರೆದಿದ್ದರೂ ಸಾಕು, ವಸ್ತು ಗೊತ್ತಾಗಿಹೋಗಿದೆ.

ದೋಸೆ ಹಿಟ್ಟಿನ ಲೆಕ್ಕ

ಸರಿ, ನಿಮ್ಮ ಅಳತೆ ಎಲ್ಲೂ ಸಿಗಲಿಲ್ಲ ಅಂತಿಟ್ಕೊಳ್ಳಿ. ಆಗ ಎರಡನೇ ಪ್ರಶ್ನೆ ಎದುರಾಗುತ್ತೆ: ಇದು ಯಾರಿಗಾದ್ರೂ ಹೊಳೆಯೋದೇ ಅಲ್ವಾ?

ಮನೆಯಲ್ಲಿ ದೋಸೆಗೆ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕ್ತಾರೆ ಅಂದ್ಕೊಳ್ಳಿ. ನೀವು ಮೂರೂವರೆ ಲೋಟ ಅಕ್ಕಿ ಹಾಕಿ, ದೋಸೆ ಸ್ವಲ್ಪ ಗರಿಗರಿ ಬಂತು ಅಂತ ಪೇಟೆಂಟ್ ಕೇಳಿದ್ರೆ ಯಾರೂ ಕೊಡಲ್ಲ. ಅಕ್ಕಿ ಜಾಸ್ತಿಯಾದ್ರೆ ಗರಿಗರಿಯಾಗುತ್ತೆ ಅಂತ ಅಜ್ಜಿಗೂ ಗೊತ್ತು. ಆದ್ರೆ ನಿರ್ದಿಷ್ಟವಾಗಿ ಒಂದು ಅಳತೆಯಲ್ಲಿ, ಹಿಟ್ಟು ಫ್ರಿಡ್ಜ್ ಇಲ್ಲದೆ ಹತ್ತು ದಿನ ಹುಳಿಯಾಗದೆ ಉಳೀತು ಅಂದ್ರೆ? ಅದರ ಎರಡೂ ಪಕ್ಕದ ಅಳತೆಗಳಲ್ಲಿ ಹಾಗೆ ಆಗಲಿಲ್ಲ ಅಂದ್ರೆ? ಆಗ ಅಜ್ಜಿಯೂ ಕಣ್ಣರಳಿಸಿ ನೋಡ್ತಾರೆ. ಆ ಕಣ್ಣರಳಿಸೋದನ್ನೇ ಪೇಟೆಂಟ್ ಭಾಷೆಯಲ್ಲಿ ಅನಿರೀಕ್ಷಿತ ಪರಿಣಾಮ ಅಂತಾರೆ.

ಅಮೆರಿಕದ ಕೋರ್ಟ್‌ಗಳು ಇದನ್ನ ಸ್ಪಷ್ಟ ಮಾಡಿವೆ. ಹಳೇ ಪೇಟೆಂಟ್‌ನಲ್ಲಿ 60ರಿಂದ 90 ಪರ್ಸೆಂಟ್ ಅಂತ ಇದ್ದು, ನೀವು 86ರಿಂದ 89 ಅಂತ ಕೇಳಿದ್ರೆ, ಮೊದಲ ನೋಟಕ್ಕೆ ಅದು ಹೊಳೆಯುವಂಥದ್ದೇ ಅಂತ ಹಿಡೀತಾರೆ. ಅಲ್ಲ ಅಂತ ತೋರಿಸೋ ಹೊಣೆ ನಿಮ್ಮ ಮೇಲೆ. ಯುರೋಪಿನಲ್ಲೂ ದೊಡ್ಡ ಶ್ರೇಣಿಯಿಂದ ಸಣ್ಣ ಶ್ರೇಣಿ ಆರಿಸಿಕೊಳ್ಳೋಕೆ ಅವಕಾಶ ಇದೆ. ಆದ್ರೆ ಅದು ನಿಜಕ್ಕೂ ಕಿರಿದಾಗಿರಬೇಕು, ಹಳೇ ಉದಾಹರಣೆಗಳಿಂದ ಸಾಕಷ್ಟು ದೂರ ಇರಬೇಕು, ಆಯ್ಕೆಯಿಂದ ತಾಂತ್ರಿಕ ಲಾಭವೂ ಆಗಬೇಕು.

ಹೋಲಿಕೆ ಯಾರ ಜೊತೆ ಅನ್ನೋದು ಇಲ್ಲಿ ಬಹಳ ಮುಖ್ಯ. ನಮ್ಮ ಪುಡಿ 111ಕ್ಕಿಂತ ಚೆನ್ನಾಗಿದೆ ಅಂದ್ರೆ ಪರೀಕ್ಷಕರು ಒಪ್ಪಲ್ಲ. ನಿಮಗೆ ಅತಿ ಹತ್ತಿರ ಇರೋ ಹಳೇ ಪುಡಿ ಯಾವುದೋ ಅದರ ಜೊತೆ, ಅದೇ ವೋಲ್ಟೇಜ್, ಅದೇ ತಾಪಮಾನ, ಅಷ್ಟೇ ಸಲ ಚಾರ್ಜ್ ಮಾಡಿ ತೋರಿಸಬೇಕು. ಇನ್ನೊಂದು ಮಾತು. ನಿಕಲ್ ಏರಿಸಿದಾಗ ಸಾಮರ್ಥ್ಯ ಏರೋದು ನಿರೀಕ್ಷಿತ, ಅದರಲ್ಲಿ ಆಶ್ಚರ್ಯ ಇಲ್ಲ. ನಿಕಲ್ ಏರಿಸಿಯೂ ಬಾಳಿಕೆ ಇಳಿಯಲಿಲ್ಲ ಅಂದ್ರೆ ಆಶ್ಚರ್ಯ. ನಮ್ಮ ಕೇಳುಗರಿಗೆ ನಾನು ವಾಪಸ್ ಕೇಳಿದ್ದೂ ಅದನ್ನೇ: ಫಲಿತಾಂಶ ಚೆನ್ನಾಗಿದೆ ಅಂದ್ರಲ್ಲ, ಯಾವ ಫಲಿತಾಂಶ?

ನಮ್ಮ ದೇಶದ ಇನ್ನೊಂದು ಬಾಗಿಲು

ಭಾರತದಲ್ಲಿ ಈ ಮೂರರ ಜೊತೆಗೆ ಇನ್ನೊಂದು ಬಾಗಿಲು ದಾಟಬೇಕು. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3, ಯಾವುದಕ್ಕೆಲ್ಲ ಪೇಟೆಂಟ್ ಇಲ್ಲ ಅಂತ ಪಟ್ಟಿ ಮಾಡುತ್ತೆ. ಅದರಲ್ಲಿ 3(ಡಿ) ಅನ್ನೋದು ತುಂಬಾ ಹೆಸರುವಾಸಿ. ಗೊತ್ತಿರೋ ವಸ್ತುವಿನ ಹೊಸ ರೂಪವನ್ನ ಕಂಡುಕೊಂಡರೆ ಸಾಲದು, ಆ ವಸ್ತುವಿನ ಗೊತ್ತಿರೋ ಪರಿಣಾಮಶಕ್ತಿ ಹೆಚ್ಚಾಗಿರಬೇಕು ಅಂತ ಅದು ಹೇಳುತ್ತೆ. ಹರಳಿನ ಬೇರೆ ರೂಪ, ಕಣದ ಗಾತ್ರ, ಶುದ್ಧ ರೂಪ, ಬೇರೆ ವಸ್ತುಗಳ ಜೊತೆ ಸಂಯೋಜನೆ, ಇವೆಲ್ಲ ಗುಣದಲ್ಲಿ ಗಮನಾರ್ಹ ವ್ಯತ್ಯಾಸ ತೋರಿಸದಿದ್ದರೆ ಅದೇ ಹಳೇ ವಸ್ತು ಅಂತಲೇ ಲೆಕ್ಕ.

ನಿಮಗೆ ಇದು ಗ್ಲಿವೆಕ್ ಅನ್ನೋ ಕ್ಯಾನ್ಸರ್ ಔಷಧದ ಕೇಸ್‌ನಿಂದ ನೆನಪಿರಬಹುದು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್, ನೊವಾರ್ಟಿಸ್ ಕಂಪನಿಗೆ ಆ ಔಷಧದ ಹೊಸ ಹರಳು ರೂಪದ ಮೇಲೆ ಪೇಟೆಂಟ್ ಕೊಡೋಕೆ ಆಗಲ್ಲ ಅಂತು. ಔಷಧಕ್ಕೆ ಪರಿಣಾಮಶಕ್ತಿ ಅಂದ್ರೆ ರೋಗ ವಾಸಿ ಮಾಡೋ ಶಕ್ತಿ ಅಂತಲೂ ಹೇಳಿತು.

ಅದು ಔಷಧಕ್ಕಾಯ್ತು, ಬ್ಯಾಟರಿಗೂ ಬರುತ್ತಾ? ಕಾಯ್ದೆಯಲ್ಲಿ ಇರೋ ಪದ ವಸ್ತು ಅಂತ, ಔಷಧ ಅಂತ ಅಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟ್ ನೊವೊಝೈಮ್ಸ್ ಕಂಪನಿಯ ಪ್ರಕರಣದಲ್ಲಿ, 3(ಡಿ) ಬರೀ ಔಷಧಕ್ಕೆ ಸೀಮಿತ ಅಲ್ಲ ಅಂತ ಹೇಳಿತು. ಅಲ್ಲಿದ್ದದ್ದು ಪಶು ಆಹಾರಕ್ಕೆ ಬಳಸೋ ಎಂಜೈಮ್. ಅದರ ಬಿಸಿ ತಾಳೋ ಗುಣ ಹೆಚ್ಚಾಗಿದ್ದನ್ನ ಕೋರ್ಟ್ ಪರಿಣಾಮಶಕ್ತಿಯ ಹೆಚ್ಚಳ ಅಂತ ಒಪ್ಕೊಂಡಿತು. ನನ್ನ ಪ್ರಕಾರ ಬ್ಯಾಟರಿ ಸಂಶೋಧಕರು ಓದಲೇಬೇಕಾದ ತೀರ್ಪು ಅದು. ಯಾಕಂದ್ರೆ ಅದೇ ತರ್ಕದಲ್ಲಿ, ಕ್ಯಾಥೋಡ್‌ನ ಪರಿಣಾಮಶಕ್ತಿ ಅಂದ್ರೆ ಅದರ ಕೆಲಸಕ್ಕೆ ಸಂಬಂಧಪಟ್ಟ ಗುಣ: ಎಷ್ಟು ಚಾರ್ಜ್ ಹಿಡಿಯುತ್ತೆ, ಎಷ್ಟು ವರ್ಷ ಬಾಳುತ್ತೆ, ಎಷ್ಟು ಬಿಸಿ ತಡೆಯುತ್ತೆ ಅಂತ ವಾದ ಮಾಡೋಕೆ ದಾರಿ ಇದೆ.

ಸೆಕ್ಷನ್ 3(ಇ) ಕೂಡ ನೆನಪಿರಲಿ. ಎರಡು ವಸ್ತು ಬೆರೆಸಿ, ಎರಡರ ಗುಣವೂ ಸುಮ್ಮನೆ ಕೂಡಿಕೊಂಡರೆ ಪೇಟೆಂಟ್ ಇಲ್ಲ. ಒಂದು ಮತ್ತೊಂದು ಸೇರಿ ಎರಡಕ್ಕಿಂತ ಹೆಚ್ಚಾಗಬೇಕು.

ಹಾಗಾದ್ರೆ ಪೇಟೆಂಟ್ ಯಾವುದಕ್ಕೆ ಸಿಗ್ತಿದೆ?

ಈ ಕ್ಷೇತ್ರದ ಪೇಟೆಂಟ್‌ಗಳನ್ನ ತೆರೆದು ನೋಡಿದ್ರೆ ಒಂದು ಮಾದರಿ ಕಾಣುತ್ತೆ. ಬರೀ ಅಳತೆಯ ಮೇಲೆ ನಿಂತಿರೋದು ಈಗ ಕಡಿಮೆ. ಅಳತೆಯ ಜೊತೆ ಇನ್ನೊಂದು ಅಂಶ ಇರುತ್ತೆ.

ಒಂದು, ಹೊದಿಕೆ. ಕಣದ ಮೇಲೆ ಅತಿ ತೆಳುವಾದ ಬೇರೆ ಆಕ್ಸೈಡ್ ಪದರ. ಇನ್ನೊಂದು, ಚಿಟಿಕೆಯಷ್ಟು ಬೇರೆ ಧಾತು ಸೇರಿಸೋದು. ಅಲ್ಯೂಮಿನಿಯಂ, ಝಿರ್ಕೋನಿಯಂ, ಟಂಗ್‌ಸ್ಟನ್ ಹೀಗೆ.

ಮೂರನೇದು ಕಣದ ಒಳರಚನೆ. ಇದು ನನಗೆ ತುಂಬಾ ಇಷ್ಟ. ಸಾಮಾನ್ಯ ಎನ್‌ಎಂಸಿ ಕಣ ಅಂದ್ರೆ ರವೆ ಉಂಡೆ ಇದ್ದ ಹಾಗೆ, ಸಣ್ಣ ಸಣ್ಣ ಹರಳುಗಳು ಅಂಟಿಕೊಂಡಿರೋ ಉಂಡೆ. ಚಾರ್ಜ್ ಮಾಡಿ ಮಾಡಿ ಅದು ಬಿರುಕು ಬಿಡುತ್ತೆ. ಅದರ ಬದಲು ಕಲ್ಲುಸಕ್ಕರೆ ತರ ಇಡೀ ಕಣವೇ ಒಂದು ಹರಳಾದ್ರೆ? ಅದೇ ಏಕಹರಳು ಕ್ಯಾಥೋಡ್, ಸಿಂಗಲ್ ಕ್ರಿಸ್ಟಲ್ ಅಂತಾರೆ. ಇನ್ನೊಂದು ದಾರಿ ಹೋಳಿಗೆಯದ್ದು. ಒಳಗೆ ಹೂರಣ, ಹೊರಗೆ ಕಣಕ. ಒಳಗೆ ನಿಕಲ್ ಜಾಸ್ತಿ, ಹೊರಗೆ ಮ್ಯಾಂಗನೀಸ್ ಜಾಸ್ತಿ. ಕೊರಿಯಾದ ಹನ್ಯಾಂಗ್ ವಿಶ್ವವಿದ್ಯಾಲಯದ ಯಾಂಗ್ ಕುಕ್ ಸನ್ ಅವರ ತಂಡ, ಅಮೆರಿಕದ ಅರ್ಗಾನ್ ಪ್ರಯೋಗಾಲಯದ ಜೊತೆ ಸೇರಿ 2009ರಲ್ಲಿ ಇದನ್ನ ಇನ್ನೂ ಮುಂದಕ್ಕೆ ತಗೊಂಡು ಹೋಯ್ತು. ಹೊರಪದರದಲ್ಲಿ ಗೆರೆ ಎಳೆದ ಹಾಗೆ ಬದಲಾಗದೆ, ನಿಕಲ್ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತಾ ಹೋಗೋ ಹಾಗೆ ಮಾಡಿದರು. ಒಟ್ಟು ಅಳತೆ ಹಳೇದರ ಹತ್ತಿರವೇ ಇರಬಹುದು, ಆದ್ರೆ ಯಾವ ಲೋಹ ಎಲ್ಲಿದೆ ಅನ್ನೋದು ಹೊಸದು.

ನಾಲ್ಕನೇದು ತಯಾರಿಸುವ ವಿಧಾನ. ಯಾವ ತಾಪಮಾನ, ಎಷ್ಟು ಆಕ್ಸಿಜನ್, ಹೇಗೆ ತೊಳೆಯೋದು. ಇಲ್ಲಿ ಪೇಟೆಂಟ್ ಸಿಗೋದು ಹೋಲಿಕೆಯಲ್ಲಿ ಸುಲಭ ಇರಬಹುದು, ಆದ್ರೆ ಕಾಯೋದು ಕಷ್ಟ. ಪಕ್ಕದ ಫ್ಯಾಕ್ಟರಿಯ ಕುಲುಮೆಯೊಳಗೆ ಏನು ನಡೀತಿದೆ ಅಂತ ನೋಡೋಕೆ ಯಾರು ಬಿಡ್ತಾರೆ? ಪುಡಿಯ ಮೇಲಿನ ಹಕ್ಕಾದ್ರೆ ಬ್ಯಾಟರಿ ಬಿಚ್ಚಿ ಪರೀಕ್ಷೆ ಮಾಡಬಹುದು.

ಒಂದು ಎಚ್ಚರಿಕೆ. ಕೆಲವರು ಹೊಸ ಅಳತೆಗೋಲು ಹುಡುಕಿ ಪೇಟೆಂಟ್ ಕೇಳ್ತಾರೆ. ಎಕ್ಸ್‌ರೇ ಗ್ರಾಫ್‌ನ ಎರಡು ಶಿಖರಗಳ ಅನುಪಾತ ಇಷ್ಟಿರಬೇಕು, ಮೇಲ್ಮೈಯಲ್ಲಿ ಉಳಿದ ಲಿಥಿಯಂ ಇಷ್ಟಿರಬೇಕು, ಹೀಗೆ. ಹಳೇ ಪುಡಿಯಲ್ಲೂ ಅದೇ ಅನುಪಾತ ಇತ್ತು, ಯಾರೂ ಅಳೆದಿರಲಿಲ್ಲ ಅಷ್ಟೇ ಅಂತ ಎದುರಾಳಿ ತೋರಿಸಿಬಿಟ್ರೆ ಆಟ ಮುಗೀತು. ರಷ್ಯನ್ ಚುಕ್ಕಿ ನೆನಪಿದೆ ಅಲ್ವಾ?

ಒಂದು ಪದಕ್ಕಾಗಿ ನಡೆದ ಯುದ್ಧ

ಪೇಟೆಂಟ್‌ನ ಒಂದು ಪದಕ್ಕೆ ಎಷ್ಟು ಬೆಲೆ ಅನ್ನೋದಕ್ಕೆ ಈ ಕ್ಷೇತ್ರದ ಅತಿ ದೊಡ್ಡ ಕೇಸ್ ನೋಡೋಣ. ಎನ್‌ಎಂಸಿ ಮೇಲೆ 2000ದ ದಶಕದ ಆರಂಭದಲ್ಲಿ ಎರಡು ಗುಂಪಿನ ಪೇಟೆಂಟ್ ಹುಟ್ಟಿಕೊಂಡವು. ಒಂದು ಷಿಕಾಗೊ ಹತ್ತಿರದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ್ದು. ಇನ್ನೊಂದು 3ಎಂ ಕಂಪನಿಯದ್ದು, ಅದರ ಹಿಂದೆ ಕೆನಡಾದ ಜೆಫ್ ಡಾನ್ ಅವರ ಕೆಲಸ. ಎರಡರ ಮುಖ್ಯ ಅರ್ಜಿಗಳೂ 2001ರಲ್ಲೇ ದಾಖಲಾದವು. ಅರ್ಗಾನ್ ತನ್ನ ಲೈಸೆನ್ಸ್ ಅನ್ನ ಜರ್ಮನಿಯ ಬಿಎಎಸ್ಎಫ್‌ಗೆ ಕೊಟ್ಟಿತು. ಬೆಲ್ಜಿಯಂನ ಉಮಿಕೋರ್ 3ಎಂ ಹತ್ತಿರ ಲೈಸೆನ್ಸ್ ತಗೊಂಡಿತು.

2015ರಲ್ಲಿ ಬಿಎಎಸ್ಎಫ್ ಮತ್ತು ಅರ್ಗಾನ್, ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗದಲ್ಲಿ ಉಮಿಕೋರ್ ಮೇಲೆ ದೂರು ಕೊಟ್ಟವು. ಆ ಪುಡಿಯ ಬ್ಯಾಟರಿ ಬಳಸ್ತಿದ್ದ ಮಕಿಟಾ ಅನ್ನೋ ಡ್ರಿಲ್ಲಿಂಗ್ ಯಂತ್ರದ ಕಂಪನಿಯನ್ನೂ ಸೇರಿಸಿದ್ರು. ಜಗಳದ ತಿರುಳು ಏನು ಗೊತ್ತಾ? ಅರ್ಗಾನ್ ಪೇಟೆಂಟ್ ಪುಡಿಯನ್ನ ಎರಡು ಘಟಕಗಳು ಕೂಡಿದ್ದು ಅಂತ ವರ್ಣಿಸಿತ್ತು. ನಮ್ಮ ಪುಡಿಯಲ್ಲಿ ಎರಡು ಭಾಗ ಇಲ್ಲ, ಎಲ್ಲಾ ಲೋಹವೂ ಒಂದೇ ಸಮನಾಗಿ ಕರಗಿ ಬೆರೆತಿದೆ ಅಂತ ಉಮಿಕೋರ್ ವಾದ. ಅಣುಗಳ ಮಟ್ಟದಲ್ಲಿ ಬೆರೆತಿದೆಯಾ, ಬೇರೆ ಬೇರೆ ಇದೆಯಾ ಅನ್ನೋದು ವಿಜ್ಞಾನಿಗಳಿಗೇ ಒಮ್ಮತ ಇಲ್ಲದ ವಿಷಯ. ಅದನ್ನ ಆಯೋಗ ತೀರ್ಮಾನ ಮಾಡಬೇಕಾಯ್ತು. 2016ರ ಡಿಸೆಂಬರ್‌ನಲ್ಲಿ ಆಯೋಗ ಉಮಿಕೋರ್ ವಿರುದ್ಧ ತೀರ್ಪು ಕೊಟ್ಟು, ಆ ಪುಡಿ ಅಮೆರಿಕಕ್ಕೆ ಬರದಂತೆ ಆದೇಶ ಮಾಡಿತು. 2017ರಲ್ಲಿ ಇಬ್ಬರೂ ರಾಜಿ ಆದರು. 2021ರಲ್ಲಿ ಅದೇ ಬಿಎಎಸ್ಎಫ್ ಮತ್ತು ಉಮಿಕೋರ್, ಕ್ಯಾಥೋಡ್‌ಗೆ ಸಂಬಂಧಿಸಿದ 100ಕ್ಕೂ ಹೆಚ್ಚು ಪೇಟೆಂಟ್ ಕುಟುಂಬಗಳನ್ನ ಪರಸ್ಪರ ಬಳಸೋ ಒಪ್ಪಂದ ಮಾಡಿಕೊಂಡವು. ನಿನ್ನೆ ಜಗಳ, ಇವತ್ತು ಹಂಚಿಕೆ. ಪೇಟೆಂಟ್ ಇಲ್ಲದವರಿಗೆ ಆ ಹಂಚಿಕೆಯ ಮೇಜಿನಲ್ಲಿ ಕುರ್ಚಿ ಇರಲ್ಲ.

ಆ ಮೂಲ ಪೇಟೆಂಟ್‌ಗಳಿಗೆ ಈಗ 20 ವರ್ಷ ತುಂಬಿದೆ. ಹಾಗಾಗಿ ಜಗಳ ಮುಂದಿನ ತಲೆಮಾರಿನ ಪುಡಿಗೆ ಸರಿದಿದೆ. 2024ರಲ್ಲಿ ಕೊರಿಯಾದ ಎಲ್‌ಜಿ ಕೆಮ್, ಚೀನಾದ ರೊನ್‌ಬೇ ಕಂಪನಿಯ ಕೊರಿಯಾ ಶಾಖೆಯ ಮೇಲೆ ಕ್ಯಾಥೋಡ್ ಪೇಟೆಂಟ್ ಉಲ್ಲಂಘನೆಯ ಕೇಸ್ ಹಾಕಿತು.

ಪೇಟೆಂಟ್ ಅಂದ್ರೆ ಪರ್ಮಿಷನ್ ಅಲ್ಲ

ಬಹಳ ಜನ ಎಡವೋ ಜಾಗ ಇದು. ಪೇಟೆಂಟ್ ಸಿಕ್ಕಿದ್ರೆ ನಾನು ತಯಾರಿಸಿ ಮಾರಬಹುದು ಅಂತ ಅಂದ್ಕೊಳ್ತಾರೆ. ಹಾಗಲ್ಲ. ಪೇಟೆಂಟ್ ಕೊಡೋದು ಬೇರೆಯವರನ್ನ ತಡೆಯೋ ಹಕ್ಕು. ನಿಮ್ಮ ಹೊದಿಕೆಗೆ ಪೇಟೆಂಟ್ ಇರಬಹುದು, ಅದರ ಒಳಗಿನ ಪುಡಿಗೆ ಬೇರೆಯವರ ಪೇಟೆಂಟ್ ಇದ್ರೆ ಅವರ ಒಪ್ಪಿಗೆ ಬೇಕೇ ಬೇಕು. ಸೈಟು ನಿಮ್ಮದಾದ್ರೂ, ಅಲ್ಲಿಗೆ ಹೋಗೋ ದಾರಿ ಪಕ್ಕದವರ ಜಮೀನಲ್ಲಿ ಇದ್ದ ಹಾಗೆ.

ಇದರ ಇನ್ನೊಂದು ಮುಖ ನಮಗೆ ಅನುಕೂಲ. ಪೇಟೆಂಟ್ ದೇಶ ದೇಶಕ್ಕೂ ಬೇರೆ. ಅಮೆರಿಕದಲ್ಲಿ ಮಾತ್ರ ಇರೋ ಪೇಟೆಂಟ್‌ಗೆ ಇಲ್ಲಿ ಬಲ ಇಲ್ಲ. ಭಾರತದಲ್ಲಿ ಅರ್ಜಿಯೇ ಹಾಕದಿದ್ರೆ, ಅಥವಾ 20 ವರ್ಷ ಮುಗಿದಿದ್ರೆ, ಆ ವಿಧಾನವನ್ನ ಇಲ್ಲಿ ಯಾರು ಬೇಕಾದ್ರೂ ಬಳಸಬಹುದು. ಹೊರದೇಶಕ್ಕೆ ಮಾರುವಾಗ ಮಾತ್ರ ಅಲ್ಲಿಯ ಪೇಟೆಂಟ್ ನೋಡ್ಕೋಬೇಕು. ಪೇಟೆಂಟ್ ದಾಖಲೆಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗ್ತವೆ. ಪುಡಿ ಮಾಡೋ ವಿಧಾನ, ತಾಪಮಾನ, ಕೋಷ್ಟಕ ಎಲ್ಲಾ ಇರುತ್ತೆ. ನನ್ನ ಮಟ್ಟಿಗೆ ಅದು ಒಂದು ದೊಡ್ಡ ಲೈಬ್ರರಿ, ನಮ್ಮ ಕಾಲೇಜುಗಳಲ್ಲಿ ಅದರ ಬಾಗಿಲು ತಟ್ಟೋರು ಕಡಿಮೆ.

ಲ್ಯಾಬ್‌ನಲ್ಲಿ ಇರೋರಿಗೆ ನಾಲ್ಕು ಮಾತು

ಈಗ ಪ್ರಶ್ನೆ ಕೇಳಿದವರಿಗೆ, ಅವರಂತೆ ಲ್ಯಾಬ್‌ನಲ್ಲಿ ಕೂತಿರೋ ಎಲ್ಲರಿಗೂ.

ಮೊದಲನೇದು, ಬಾಯಿ ಬಿಡೋ ಮುಂಚೆ ಅರ್ಜಿ ಹಾಕಿ. ಪ್ರಬಂಧ ಪ್ರಕಟವಾದ್ರೆ, ಥೀಸಿಸ್ ಶೋಧಗಂಗಾಕ್ಕೆ ಏರಿದ್ರೆ, ರೀಲ್‌ನಲ್ಲಿ ಪುಡಿಯ ಅಳತೆ ತೋರಿಸಿದ್ರೂ, ಅದು ಜಗತ್ತಿಗೆ ಗೊತ್ತಾದ ಹಾಗೆ. ನಿಮ್ಮದೇ ಪ್ರಬಂಧ ನಿಮ್ಮದೇ ಪೇಟೆಂಟ್‌ಗೆ ಅಡ್ಡ ಬರುತ್ತೆ. ಅಮೆರಿಕದಲ್ಲಿ ಸಂಶೋಧಕರಿಗೆ ಒಂದು ವರ್ಷದ ರಿಯಾಯಿತಿ ಇದೆ. ಯುರೋಪಿನಲ್ಲಿ ಹೆಚ್ಚುಕಮ್ಮಿ ಇಲ್ಲ. ಭಾರತದಲ್ಲಿ ವಿದ್ವತ್ ಸಂಸ್ಥೆಯ ಮುಂದೆ ಪ್ರಬಂಧ ಓದಿದಂಥ ಕೆಲವೇ ಸಂದರ್ಭಗಳಲ್ಲಿ 12 ತಿಂಗಳ ಅವಕಾಶ ಇದೆ. ಅದನ್ನ ನಂಬಿಕೊಂಡು ಕೂರಬೇಡಿ.

ಎರಡನೇದು, ಎಲ್ಲಾ ಪ್ರಯೋಗ ಮುಗಿಯೋವರೆಗೂ ಕಾಯಬೇಕಿಲ್ಲ. ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಬಹುದು, ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತೆ. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತೆ, ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ.

ಮೂರನೇದು, ಸೋತ ಪ್ರಯೋಗದ ಲೆಕ್ಕವನ್ನೂ ಇಟ್ಕೊಳ್ಳಿ. 84ರಲ್ಲಿ ಏನಾಯ್ತು, 92ರಲ್ಲಿ ಏನಾಯ್ತು ಅಂತ ಪಕ್ಕದ ಅಂಕಿಗಳಿದ್ರೇನೇ 88ರ ವಿಶೇಷ ಕಾಣೋದು. ಜರ್ನಲ್‌ಗೆ ಚೆನ್ನಾಗಿ ಬಂದ ಗ್ರಾಫ್ ಸಾಕಾಗಬಹುದು, ಪೇಟೆಂಟ್‌ಗೆ ಸಾಲಲ್ಲ.

ನಾಲ್ಕನೇದು, ಮಾಡಿದಷ್ಟೇ ಕೇಳಿ. ಎರಡು ಧಾತು ಪರೀಕ್ಷೆ ಮಾಡಿ, ಇಪ್ಪತ್ತು ಧಾತುಗಳ ಮೇಲೆ ಹಕ್ಕು ಕೇಳಿದ್ರೆ, ವಿವರಣೆ ಸಾಲದು ಅಂತ ಬಿದ್ದುಹೋಗುತ್ತೆ. ಹೊರದೇಶದಲ್ಲಿ ಮೊದಲು ಅರ್ಜಿ ಹಾಕೋದಾದ್ರೆ, ಇಲ್ಲಿ ವಾಸ ಇರೋರು ಭಾರತದ ಪೇಟೆಂಟ್ ಕಚೇರಿಯ ಅನುಮತಿ ತಗೋಬೇಕು ಅನ್ನೋದನ್ನೂ ಮರೀಬೇಡಿ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ಗುಡ್‌ಇನಫ್ ಅವರ ಕಾಲದಲ್ಲಿ ಒಂದು ವಿಶ್ವವಿದ್ಯಾಲಯ ಕೈಬಿಟ್ಟಿದ್ದನ್ನ ಇನ್ನೊಂದು ಸಂಸ್ಥೆ ಎತ್ತಿಕೊಂಡಿತು. ಇವತ್ತು ನಮ್ಮಲ್ಲಿ ಸೆಲ್ ಫ್ಯಾಕ್ಟರಿಗಳು ತಲೆ ಎತ್ತುತ್ತಿವೆ. ಆದ್ರೆ ಅದರೊಳಗೆ ಹೋಗೋ ಪುಡಿಯ ಮೇಲಿನ ಹಕ್ಕು ಯಾರದ್ದು ಅನ್ನೋದರ ಮೇಲೆ, ನಾವು ಕೊಳ್ಳೋ ಸ್ಕೂಟರ್ ಬೆಲೆಯಲ್ಲಿ ಎಷ್ಟು ಪಾಲು ರಾಯಲ್ಟಿ ಆಗಿ ಹೊರಗೆ ಹೋಗುತ್ತೆ ಅನ್ನೋದು ನಿಂತಿದೆ. 88 ಪರ್ಸೆಂಟ್‌ಗೆ ಪೇಟೆಂಟ್ ಸಿಗುತ್ತೋ ಇಲ್ವೋ, ಅದು ನಿಮ್ಮ ಲ್ಯಾಬ್ ನೋಟ್‌ಬುಕ್‌ನಲ್ಲಿ ಪಕ್ಕದ ಪುಟಗಳು ಏನು ಹೇಳ್ತವೆ ಅನ್ನೋದರಲ್ಲಿದೆ. ಹೋಗಿ, ಅದನ್ನ ಒಂದ್ಸಲ ತೆಗೆದು ನೋಡಿ. ಆಮೇಲೆ ಪ್ರಬಂಧ ಕಳಿಸಿ.